ಐಮರದ ಎಡತುದಿ

ಮೊದಲ ವರ್ಷ ನಮ್ಮ ವಿಭಾಗದಲ್ಲಿ ಯಾರು ಆರ್ಕಿಟೆಕ್ಚರ್, ಯಾರು ಚಿತ್ರಕಲೆ ಅಂತ ಗುರುತು ಹಿಡಿಯೋದೇ ಕಷ್ಟವಿತ್ತು. ಎಲ್ಲರಿಗೂ ಒಂದೇ ಹಾಲ್. ನಮ್ಮ ಬಟರ್ ಪೇಪರ್ ಮೇಲೆ ಅವರ ಬಣ್ಣ ಚೆಲ್ಲುತ್ತಿತ್ತು. ನಮ್ಮ ಟೀ-ಸ್ಕ್ವೇರ್ ತಾಗಿ ಅವರ ಮಣ್ಣಿನ ಬೊಂಬೆಗಳ ಮೂಗು ಹೋಗುತ್ತಿತ್ತು. ದಿನಾ ಜಗಳ. ಕಾಲೇಜಿನಲ್ಲಿ ಜಾಗ ಇಲ್ಲ, ಅದಕ್ಕೇ ಒಟ್ಟಿಗೆ ತುಂಬಿದ್ದಾರೆ ಅಂದುಕೊಂಡಿದ್ದೆ.

ಹಾಗಲ್ಲ ಅಂತ ಗೊತ್ತಾಗಿದ್ದು ಎರಡನೇ ವರ್ಷ, ಅದೂ ನನ್ನ ಊರಲ್ಲೇ. ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವ ಕ್ಯಾಂಪ್‌ಗೆ ಆ ಸಲ ಕೊಡಗು ಗೊತ್ತಾಗಿತ್ತು. ನಾನು ಮಡಿಕೇರಿಯ ಮಹದೇವಪೇಟೆಯಲ್ಲಿ, ಬಾಡಿಗೆ ಮನೆಯಲ್ಲಿ ಬೆಳೆದವನು. ಬಸ್ಸಲ್ಲಿ ಎಲ್ಲರೂ "ನಿಮ್ಮೂರು ಅಲ್ವಾ, ನೀನೇ ಹೇಳು" ಅಂದರು. ಹೇಳಿದೆ. ಅರ್ಧ ಬುರುಡೆ. ಅಲ್ಲಿಯವರೆಗೆ ನಾನು ಒಂದು ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ಮೆಟ್ಟಿಲನ್ನೂ ಹತ್ತಿದವನಲ್ಲ.

ಮೊದಲ ದಿನ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಒಳಗೆ ಶಿವ, ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು, ಮುಂದೆ ಕಲ್ಯಾಣಿ. ಇದು ಯಾವ ಶೈಲಿ ಅಂತ ಮೆಟ್ಟಿಲ ಮೇಲೆ ಕೂತು ಕಿತ್ತಾಡಿದೆವು. ಮೇಡಂ ಉತ್ತರ ಹೇಳಲಿಲ್ಲ, "ಮೊದಲು ಬರೀರಿ, ಹೆಸರು ಆಮೇಲೆ ಇಡೋಣ" ಅಂದರು. ಮರುದಿನ ಕಕ್ಕಬ್ಬೆ ಕಡೆಯ ನಾಲ್ಕುನಾಡು ಅರಮನೆ. ಗೋಡೆ ಚಿತ್ರಗಳ ಮುಂದೆ ಚಿತ್ರಕಲೆಯವರು ಕೂತುಬಿಟ್ಟರು, ನಾವು ಜಿಗಣೆ ಕಿತ್ತುಕೊಳ್ಳುತ್ತಾ ಕೂತೆವು.

ಮೂರನೇ ದಿನ ಒಂದು ಐನ್‌ಮನೆ. ಗದ್ದೆ ದಾಟಿ, ಎರಡೂ ಕಡೆ ಮಣ್ಣಿನ ದಿಬ್ಬ ಇರುವ ಓಣಿಯಲ್ಲಿ ನಡೆದರೆ ಎತ್ತರದ ಜಗಲಿಯ ಮೇಲೆ ಮನೆ. ಮಳೆಯ ನಾಡಿನ ಮಾಡು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಅಗಲವಾದ ಒಂದೇ ಹಲಗೆ. ಅದೇ ಐಮರ. ನನಗೆ ತೊಲೆಯ ಎತ್ತರ ಬೇಕಿತ್ತು, ಟೇಪ್ ಹಿಡಿದು ಸೀದಾ ಅದರ ಮೇಲೆ ಹತ್ತಿಬಿಟ್ಟೆ. ಶೂ ಬೇರೆ ಹಾಕಿಕೊಂಡಿದ್ದೆ.

"ಇಳಿ ಮಗಾ," ಅಂದರು ಒಳಗಿಂದ ಬಂದ ಅಜ್ಜ. ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಶೂ ಗುರುತನ್ನು ತಾವೇ ಒರೆಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಶಾಲೆಯೊಂದರ ವರಾಂಡದಲ್ಲಿ ಹಾಳೆಗಳನ್ನು ಹರಡಿದೆವು. ನನ್ನ ನಕ್ಷೆಯಲ್ಲಿ ಐಮರ ಎರಡು ಗೆರೆ, ಒಂದು ಸಂಖ್ಯೆ. ಪಕ್ಕದಲ್ಲೇ ಚಿತ್ರಕಲೆಯ ಗೆಳತಿಯ ಪೆನ್ಸಿಲ್ ಚಿತ್ರ. ಅವಳ ಐಮರದ ಎಡತುದಿ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಹಲಗೆ ಅಲ್ಲಿ ಸ್ವಲ್ಪ ತಗ್ಗಾಗಿತ್ತು. ಉಳಿದ ಕಡೆ ಮರ ಮಂಕು. ಮೇಡಂ ಎರಡೂ ಹಾಳೆಗಳನ್ನು ಒಂದೇ ಬೋರ್ಡಿಗೆ ಪಿನ್ ಮಾಡಿ ಕೇಳಿದರು: "ಅಲ್ಲಿ ಕೂತವರು ಯಾರು?"

ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಶೂ ಕೆಳಗೆ ಬಿಟ್ಟು ಹೋಗಿ ಕೇಳಿದೆ. ಅದು ಒಕ್ಕದ, ಅಂದರೆ ಆ ಮನೆತನದ, ಹಿರಿಯನಾದ ಪಟ್ಟೆದಾರ ಕೂರುವ ಜಾಗವಂತೆ. ಅಜ್ಜನ ತಂದೆ, ಅದಕ್ಕೂ ಮೊದಲು ಅವರ ದೊಡ್ಡಪ್ಪ. ಅಲ್ಲಿಂದ ಓಣಿಯೂ ಗದ್ದೆಯೂ ಒಟ್ಟಿಗೆ ಕಾಣುತ್ತದೆ. ಬರುವವರು ಯಾರು, ನೀರು ಎಲ್ಲಿ ಒಡೆದಿದೆ, ಎಲ್ಲ ಕೂತಲ್ಲೇ ಗೊತ್ತಾಗುತ್ತದೆ. ಒಳಗೆ ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ದೀಪ ತೋರಿಸಿದರು. ನೈಋತ್ಯದ ಮೂಲೆಯ ಕೋಣೆ, ಕನ್ನಿ ಕೋಂಬರೆ, ತೋರಿಸಿ, "ಇದು ಕಾರಣವರದ್ದು, ನಮ್ಮ ಪೂರ್ವಜರದ್ದು, ಇದರ ಅಳತೆ ಬೇಡ" ಅಂದರು. ನಮ್ಮ ನಕ್ಷೆಯಲ್ಲಿ ಆ ಕೋಣೆಯನ್ನು ಖಾಲಿ ಬಿಟ್ಟೆವು. ಜ್ಯೂರಿಗೆ ಬಂದವರೊಬ್ಬರು ಅದಕ್ಕೆ ಅಂಕ ಕಳೆಯಲು ಹೊರಟಾಗ ಮೇಡಂ ಜೋರಾಗಿಯೇ ಜಗಳವಾಡಿದರು. ನಮ್ಮ ವಿಭಾಗ ಅಂದರೆ ನನಗೆ ಇವತ್ತಿಗೂ ಆ ಜಗಳ.

ಈಗ ಮಡಿಕೇರಿಯಲ್ಲಿ ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ ಮೇಲೆ ಮನೆ ಕಟ್ಟುವವರು ಮೊದಲು ಇಳಿಜಾರಿನ ಬಗ್ಗೆ ಕೇಳುತ್ತಾರೆ, ಅದು ಒಳ್ಳೆಯದೇ. ರೆಸಾರ್ಟಿನವರು ಮಾತ್ರ "ಐನ್‌ಮನೆ ತರ ಕಾಣ್ಬೇಕು ಸರ್, ಒಂದು ಐಮರ ಹಾಕಿ" ಅನ್ನುತ್ತಾರೆ. ಹಾಕೋಣ, ಅಲ್ಲಿ ಯಾರು ಕೂರ್ತಾರೆ ಅಂತ ಕೇಳುತ್ತೇನೆ. ಕೆಲವರು ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ.

ಅಜ್ಜ ಈಗಿಲ್ಲ. ಹೋದ ಹುತ್ತರಿಗೆ, ಹೊಸ ಭತ್ತದ ಹಬ್ಬಕ್ಕೆ, ಆ ಮನೆಯವರು ಕರೆದಿದ್ದರು, ಹೋಗಿದ್ದೆ. ಒಕ್ಕದವರೆಲ್ಲ ಸೇರಿದ್ದರು, ಕದಿರು ಒಳಗೆ ಬಂತು. ಎಡತುದಿಯಲ್ಲಿ ಅವರ ತಮ್ಮ ಕೂತಿದ್ದರು. ನನಗೆ ಬಲಗಡೆ ಜಾಗ ತೋರಿಸಿದರು.