ಅದು ಕೇಳ್ತು, ನಾನು ಒತ್ತಿದೆ

"ಅದು ಕೇಳ್ತು, ನಾನು ಒತ್ತಿದೆ ಕಣೋ." ಭಾನುವಾರದಿಂದ ಚಿಕ್ಕಪ್ಪನ ಈ ಮಾತು ಕಿವಿಯಲ್ಲೇ ಕೂತಿದೆ.

ಫ್ಯಾಮಿಲಿ ಗ್ರೂಪಿಗೆ ಯಾರೋ ಹೊಸ ಸಿನಿಮಾದ ಲಿಂಕ್ ಹಾಕಿದ್ದರು. ಚಿಕ್ಕಪ್ಪ ಪ್ಲೇ ಒತ್ತಿದರೆ ಸಿನಿಮಾ ಬರಲಿಲ್ಲ, ಯಾವ್ಯಾವುದೋ ಪೇಜ್ ತೆರೆದುಕೊಂಡವು. ಕೊನೆಗೆ 'ಪ್ಲೇಯರ್ ಅಪ್‌ಡೇಟ್' ಅಂತ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಇಳಿಯಿತು. ಅದನ್ನು ಹಾಕಿಕೊಂಡರು. ಎಸ್ಸೆಮ್ಮೆಸ್ ಓದಲಾ ಅಂತು, ಒತ್ತಿದರು. ಆಕ್ಸೆಸಿಬಿಲಿಟಿ ಆನ್ ಮಾಡಿ ಅಂತು, ಮಾಡಿದರು. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳಲಿ ಅಂತ ಇರುವ ಸೌಲಭ್ಯ ಅದು. ಕಳ್ಳನ ಕೈಗೆ ಸಿಕ್ಕರೆ ನಾವು ಟೈಪ್ ಮಾಡಿದ್ದೆಲ್ಲ ಅವನಿಗೂ ಕಾಣುತ್ತೆ. ಸಂಜೆ ಬ್ಯಾಂಕ್ ಆ್ಯಪಲ್ಲಿ ಕರೆಂಟ್ ಬಿಲ್ ಕಟ್ಟಿದ್ದಾರೆ. ರಾತ್ರಿ 18,000 ರೂಪಾಯಿ ಹೋಗಿದೆ. ಒಟಿಪಿ ಬಂದಿದ್ದು ಅವರ ಫೋನಿಗೇ. ಅವರು ನೋಡುವ ಮೊದಲೇ ಇನ್ಯಾರೋ ಓದಿಯಾಗಿತ್ತು.

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಬೇಗ ದೂರು ಕೊಟ್ಟರೆ ದುಡ್ಡು ಕೈ ದಾಟುವ ಮುಂಚೆ ತಡೆಯುವ ಸಾಧ್ಯತೆ ಇರುತ್ತೆ. ಆಮೇಲೆ ಫೋನ್ ನೋಡಿದೆ. ಆ ಆ್ಯಪಿಗೆ ಐಕಾನೇ ಇಲ್ಲ. ಸೆಟ್ಟಿಂಗ್ಸಲ್ಲಿ ಹುಡುಕಿ ಅನ್‌ಇನ್‌ಸ್ಟಾಲ್ ಒತ್ತಿದರೆ ಪರದೆ ತಾನಾಗೇ ಹಿಂದಕ್ಕೆ ಹೋಗುತ್ತಿತ್ತು. ಮೂರು ಸಲ. ಒಳಗೆ ಯಾರೋ ಕೂತು ನನ್ನ ಕೈ ತಳ್ಳುತ್ತಿರುವ ಹಾಗೆ. ನಾವು ಹಾಕಿಕೊಂಡ ಆ್ಯಪ್‌ಗಳು ಓಡದಂಥ ಸೇಫ್ ಮೋಡಿಗೆ ಫೋನ್ ಹಾಕಿ ಅದನ್ನು ತೆಗೆದೆ, ಪೂರ್ತಿ ರೀಸೆಟ್ ಮಾಡಿದೆ.

"ಪುಕ್ಕಟೆ ಸಿನಿಮಾ ಆಸೆಗೆ ಬಿದ್ರೆ ಹೀಗೇ" ಅಂದರು ಮಾವ. ಸಿಟ್ಟು ಬಂತು. ಆ ಲಿಂಕಿಗೆ ಗ್ರೂಪಲ್ಲಿ 'ಸೂಪರ್' ಅಂದವರಲ್ಲಿ ಅವರೂ ಒಬ್ಬರು. ಇಂಥ ಸೈಟುಗಳಿಗೆ ಸಂಪಾದನೆ ಜಾಹೀರಾತಿಂದ, ಆ ಜಾಹೀರಾತು ಯಾರದು ಅಂತ ಕೇಳುವವರೇ ಇಲ್ಲ. 2024ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನವರು ಪತ್ತೆ ಮಾಡಿದ ಒಂದು ದಾಳಿ ಶುರುವಾಗಿದ್ದೇ ಹೀಗೆ, ಕದ್ದ ಸಿನಿಮಾ ತೋರಿಸುವ ಸೈಟುಗಳ ಜಾಹೀರಾತಿಂದ. ಹತ್ತಿರ ಹತ್ತಿರ 10 ಲಕ್ಷ ಕಂಪ್ಯೂಟರ್‌ಗಳಿಗೆ ತಗುಲಿತ್ತು. ಆಫೀಸಿನವೂ ಇದ್ದವು. ಅವರೆಲ್ಲ ಪೆದ್ದರಾ?

ಆ್ಯಪ್ ಅನುಮತಿ ಕೇಳಿದಾಗ ಒತ್ತುವ ಬಟನ್ 'ಅಲೋ'. ಗ್ಯಾಸ್ ಬುಕ್ ಮಾಡಲು ಅಲೋ, ಬಸ್ ಟಿಕೆಟಿಗೆ ಅಲೋ. ಒತ್ತದಿದ್ದರೆ ಕೆಲಸ ಮುಂದೆ ಹೋಗಲ್ಲ. ಇದನ್ನು ಚಿಕ್ಕಪ್ಪನಿಗೆ ಕಲಿಸಿದ್ದು ನಾನು. ಫೋನ್ ಕೊಡಿಸಿದ ದಿನ ಪಕ್ಕ ಕೂತು, "ಏನು ಕೇಳಿದ್ರೂ ಅಲೋ ಒತ್ತಿ ಚಿಕ್ಕಪ್ಪ" ಅಂದಿದ್ದೆ. ಅವಸರದಲ್ಲಿದ್ದೆ. ಅವರು ಪಾಪ, ಹೇಳಿದ ಹಾಗೇ ಮಾಡಿದ್ದಾರೆ.

ನಿನ್ನೆ ರಾತ್ರಿ ಅವರದೇ ಫೋನ್. "ಮೊಮ್ಮಗಳು ವಿಡಿಯೋ ಕಾಲ್ ಮಾಡಿದ್ದಾಳೆ, ಕ್ಯಾಮೆರಾ ಕೇಳ್ತಿದೆ. ಒತ್ಲೇನೋ?"

ಹೂಂ, ಒತ್ತಿ ಅಂದೆ. ಈ ಸಲ ಯಾಕೆ ಕೇಳುತ್ತೆ ಅಂತಲೂ ನಿಧಾನವಾಗಿ ಹೇಳಿದೆ.