ಒಂದೇ ಕಾರ್ಡಿಗೆ ಎರಡು ಐಪಿ

ಕಕ್ಕಡದ ಮಳೆಗೆ ಮಡಿಕೇರಿಯಲ್ಲಿ ರಾತ್ರಿಯಿಡೀ ಕರೆಂಟಿರಲಿಲ್ಲ. ಬೆಳಿಗ್ಗೆ ಆಫೀಸಿನ ಉಬುಂಟು (ಲಿನಕ್ಸ್) ಸರ್ವರ್ ಎದ್ದಿತ್ತು, ಆದರೆ ಬಿಲ್ಲಿಂಗ್ ಯಾರಿಗೂ ಸಿಗುತ್ತಿರಲಿಲ್ಲ. ಹಳೇ ಸರ್ವರ್ ತೆಗೆದಾಗ ಅದರ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, 192.168.1.20 ಅನ್ನೂ ಈ ಸರ್ವರಿನ ನೆಟ್‌ವರ್ಕ್ ಕಾರ್ಡಿಗೇ ಕೊಟ್ಟಿದ್ದೆ. ಕೊಟ್ಟದ್ದು ‘ಐಪಿ ಅಡ್ರ್ ಆಡ್’ ಕಮಾಂಡಿನಲ್ಲಿ. ಅದು ರೀಬೂಟ್ ಆಗುವವರೆಗೆ ಮಾತ್ರ; ಕರೆಂಟ್ ಹೋಗಿ ಬಂದಾಗ ಅಳಿಸಿಹೋಗಿತ್ತು.

ಕಾಯಂ ಆಗಬೇಕಾದರೆ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಬರೆಯಬೇಕು. ‘ಅಡ್ರೆಸಸ್’ ಕೆಳಗೆ ಮೊದಲು ಈ ಸರ್ವರಿನದೇ ಆದ 192.168.1.10/24, ಮುಂದಿನ ಸಾಲಿನಲ್ಲಿ 192.168.1.20/24. ಎರಡೂ ಸಾಲು ಒಂದೇ ನೇರಕ್ಕಿರಲಿ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಸಬ್‌ನೆಟ್ (ವಿಳಾಸಗಳ ಗುಂಪು) ಒಂದೇ ಆದ್ದರಿಂದ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ದಾರಿ) ಒಂದೇ ಸಾಕು.

ಆಮೇಲೆ ‘ನೆಟ್‌ಪ್ಲಾನ್ ಟ್ರೈ’. ನನಗೆ ಬಹಳ ಇಷ್ಟವಾದ ಕಮಾಂಡ್ ಇದು. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಹಳೇ ಸೆಟ್ಟಿಂಗಿಗೆ ತಾನೇ ಮರಳುತ್ತದೆ. ಗೋಣಿಕೊಪ್ಪದ ಮನೆಯಲ್ಲಿ ಕೂತು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್ ನಡೆಸುವ ದಾರಿ) ತಪ್ಪು ಬರೆದರೂ, ಆ ಮಳೆಯಲ್ಲಿ ಮಡಿಕೇರಿಗೆ ಓಡಬೇಕಿಲ್ಲ.

ಪರೀಕ್ಷಿಸಲು ಹಳೇ ‘ಐಎಫ್‌ಕಾನ್ಫಿಗ್’ ಕಮಾಂಡ್ ನಂಬಬೇಡಿ, ಹೀಗೆ ಸೇರಿಸಿದ ಎರಡನೇ ಐಪಿ ಅದರಲ್ಲಿ ಕಾಣುವುದಿಲ್ಲ. ‘ಐಪಿ ಎ’ ಕೊಟ್ಟೆ; .20ರ ಪಕ್ಕದಲ್ಲಿ ‘ಸೆಕೆಂಡರಿ’ ಎಂದು ಬಂತು. ಧೈರ್ಯಕ್ಕೆ ಇನ್ನೊಮ್ಮೆ ರೀಬೂಟ್ ಮಾಡಿದೆ. ಆಗಲೂ ಇತ್ತು.

“ಅಕ್ಕಾ, ಈಗ ನೋಡಿ” ಎಂದೆ. ಕೌಂಟರಿನಲ್ಲಿ ಪ್ರಿಂಟರ್ ಕಿರುಗುಟ್ಟಿತು.