ಅಪ್ಪನ ಲಾರಿ ಎಲ್ಲೆಲ್ಲೋ ನಿಲ್ಲುತ್ತಿತ್ತು

"ಲಾರಿ ಮತ್ತೆ ನಿಂತುಬಿಡ್ತು" ಎಂದು ಅಪ್ಪ ಫೋನ್ ಮಾಡಿದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ಎಲ್ಲಿ ಅಂತ ಕೇಳಿದೆ. "ಬರ್ಮಿಂಗ್‌ಹ್ಯಾಮ್ ದಾಟಿ ಸ್ವಲ್ಪ ಮುಂದೆ" ಎಂದರು. ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಊಟ ಮಾಡುತ್ತಿದ್ದವರು ನನ್ನ ಕಡೆ ಹೊಸ ಗೌರವದಿಂದ ನೋಡಿದರು.

ಅಪ್ಪ ಇರುವುದು ದಾವಣಗೆರೆಯಲ್ಲಿ. ಮೂವತ್ತು ವರ್ಷ ಲಾರಿ ಓಡಿಸಿ, ಮಂಡಿ ನೋವು ಜಾಸ್ತಿಯಾದ ಮೇಲೆ ಬಿಟ್ಟರು. ಮೆಕ್ಕೆಜೋಳ ತುಂಬಿಕೊಂಡು ಪಿ.ಬಿ. ರಸ್ತೆ ಹಿಡಿದರೆ ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಸಾತಾರ, ಪುಣೆ. ಮನೆಯಲ್ಲಿ ಕೂತ ಮೊದಲ ವರ್ಷ ಅವರನ್ನು ನೋಡೋಕಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಬಲಗಾಲು ಸುಮ್ನೆ ಒತ್ತುತ್ತಿದ್ದರು. ಬ್ರೇಕು.

ಅದಕ್ಕೇ ನನ್ನ ಹಳೆಯ ಪಿಸಿಗೆ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಟ್ಟೆ. 2012ರಲ್ಲಿ ಜೆಕ್ ದೇಶದ ಒಂದು ಕಂಪನಿ ಹೊರತಂದ ಆಟ ಅದು. ಯುದ್ಧ ಇಲ್ಲ, ಗುಂಡು ಇಲ್ಲ. ಲೋಡ್ ಹಿಡಿ, ಹೊತ್ತಿಗೆ ಮುಟ್ಟಿಸು, ಸಿಗ್ನಲ್ ಹಾರಿಸಿದರೆ ದಂಡ ಕಟ್ಟು. ಸೆಕೆಂಡ್ ಹ್ಯಾಂಡ್ ಸ್ಟೀರಿಂಗ್ ಚಕ್ರವನ್ನೂ ತಂದುಕೊಟ್ಟೆ. ಅಪ್ಪ ಮೊದಲ ದಿನ ಜರ್ಮನಿಯಲ್ಲಿ ಎದುರಿನ ಕಾರಿಗೆ ಗುದ್ದಿ ಎದ್ದುಹೋದರು. ಅಲ್ಲಿ ಬಲಗಡೆ ಹೋಗಬೇಕಲ್ಲ! ಆಮೇಲೆ ಬ್ರಿಟನ್ ಎಡಗಡೆಯ ದೇಶ ಅಂತ ಗೊತ್ತಾಯಿತು. ಅಂದಿನಿಂದ ಅವರು ಕಡಲು ದಾಟಿಲ್ಲ. ಡೋವರ್, ಲಂಡನ್, ಶೆಫೀಲ್ಡ್, ಕಾರ್ಲೈಲ್, ಗ್ಲಾಸ್ಗೋ, ಇಷ್ಟೇ ಅವರ ಪರ್ಮಿಟ್ಟು. ಯುರೋಪಿನ ನಕ್ಷೆಯನ್ನು ಆಟದಲ್ಲಿ 1:19ಕ್ಕೆ ಕುಗ್ಗಿಸಿದ್ದಾರೆ, ಬ್ರಿಟನ್ನನ್ನು 1:15ಕ್ಕೆ. ಇದನ್ನು ಹೇಳಿದಾಗ ಅಪ್ಪ, "ಹಂಗಾದ್ರೆ ಟೈರ್ ಸವೆಯೋದು ಕಮ್ಮಿ" ಎಂದಿದ್ದರು.

ಈಗ ಆ ಲಾರಿ ನಿಲ್ಲುತ್ತಿತ್ತು. ಓಡುತ್ತಾ ಓಡುತ್ತಾ ಪರದೆ ಒಂದು ಕ್ಷಣ ಹಾಗೇ ನಿಲ್ಲುವುದು, ಮಾತಿಲ್ಲ ಕತೆಯಿಲ್ಲ, ಡೆಸ್ಕ್‌ಟಾಪ್. ಲೋಡ್ ಇಲ್ಲ, ಲಾರಿ ಇಲ್ಲ, ಬ್ರಿಟನ್ನೇ ಇಲ್ಲ.

2024ರ ಜುಲೈ ಮೊದಲ ಶನಿವಾರ ಊರಿಗೆ ಹೋದೆ. ಕಂಪ್ಯೂಟರಿನ ಕೆಲಸ ಮಾಡಿ ಸಂಬಳ ತಗೊಳ್ಳುವವನು ನಾನು. ಮಂಡಕ್ಕಿ ಮಿರ್ಚಿ ತಿಂದು ಮುಗಿಸುವಷ್ಟರಲ್ಲಿ ಸರಿ ಮಾಡುತ್ತೇನೆ ಅಂತ ಬಂದ ತಕ್ಷಣ ಜಂಬದಿಂದ ಹೇಳಿದೆ.

ಎಲ್ಲರೂ ಮಾಡುವುದನ್ನೇ ಮಾಡಿದೆ. ಆಟ ಬಂದಿದ್ದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಿಂದ. ಸ್ಟೀಮ್‌ನಲ್ಲಿ ಆಟದ ಫೈಲುಗಳು ಸರಿಯಿವೆಯಾ ಎಂದು ಪರಿಶೀಲಿಸುವ ಒಂದು ಆಯ್ಕೆ ಇದೆ. ಒತ್ತಿದೆ. ಒಂದು ಫೈಲ್ ಕೆಟ್ಟಿದೆ ಎಂದು ಅದನ್ನೇ ಮತ್ತೆ ಇಳಿಸಿಕೊಂಡಿತು. ಸಿಕ್ಕೇಬಿಟ್ಟಿತು ಅಂದುಕೊಂಡೆ. ಅಪ್ಪ ಕೂತರು. ಇಪ್ಪತ್ತು ನಿಮಿಷಕ್ಕೆ ಶೆಫೀಲ್ಡ್ ಹತ್ತಿರ ನಿಂತಿತು.

ಮುಂದಿನ ಅನುಮಾನ ಮಾಡ್‌ಗಳ ಮೇಲೆ. ಮಾಡ್ ಅಂದರೆ ಆಟಕ್ಕೆ ಹೊರಗಿನವರು ಮಾಡಿಕೊಡುವ ಒಗ್ಗರಣೆ. ಅಪ್ಪನ ಲಾರಿಗೆ ಒಂದೇ ಒಂದು ಮಾಡ್ ಇತ್ತು. ನಮ್ಮ ಕಡೆಯ ಲಾರಿಗಳ ರಾಗದ ಏರ್ ಹಾರ್ನು. ಅದನ್ನು ತೆಗೆಯುತ್ತೇನೆ ಎಂದಾಗ ಅಪ್ಪನ ಮುಖ ಸಣ್ಣದಾಯಿತು. "ಹಾರ್ನ್ ಹೊಡೆದಾಗ ಯಾವತ್ತೂ ನಿಂತಿಲ್ಲ ಅದು" ಎಂದರು. ಅನುಮಾನ ಇದ್ದಾಗ ತೆಗೆಯಲೇಬೇಕು ಎಂದು ಪಾಠ ಮಾಡಿ ತೆಗೆದೆ. ಸ್ವಾನ್ಸೀ ದಾರಿಯಲ್ಲಿ ನಿಂತಿತು. ಹಾರ್ನ್ ಇಲ್ಲದೆ.

ಆಮೇಲೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಪ್ರೋಗ್ರಾಂ. ಸುಮ್ನೆ ಹೊಸದನ್ನು ಮೇಲೆ ಹಾಕಿದರೆ ಹಳೆಯದರ ಚೂರುಪಾರು ಉಳಿದಿರುತ್ತದೆ ಅಂತ, ಸೇಫ್ ಮೋಡಿಗೆ ಹೋಗಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್‌ನಿಂದ ಪೂರ್ತಿ ಗುಡಿಸಿ ಹೊಸದಾಗಿ ಹಾಕಿದೆ. ನಿಂತಿತು. ಕ್ಯಾಬಿನೆಟ್ ಬಿಚ್ಚಿ ಧೂಳು ಹೊಡೆದೆ. ಅಪ್ಪ ಈ ಕೆಲಸವನ್ನು ಮಾತ್ರ ಮೆಚ್ಚಿದರು, ತಾವೇ ಬ್ರಷ್ ಹಿಡಿದರು. ಬಿಸಿ ಎಷ್ಟಾಗುತ್ತಿದೆ ಅಂತ ನೋಡಿದೆ. ಪ್ರೊಸೆಸರ್ 65 ಡಿಗ್ರಿ ದಾಟಲಿಲ್ಲ. ಆದರೂ ನಿಂತಿತು. ಮಧ್ಯೆ ಕರೆಂಟ್ ಹೋಗಿ ಅರ್ಧ ಗಂಟೆ ಕಾದೆವು. ಕರೆಂಟ್ ಬಂದ ಮೇಲೂ ನಿಂತಿತು.

ಮಧ್ಯಾಹ್ನ ಎರಡು ಗಂಟೆ. ಅಮ್ಮ ಮೂರನೇ ಸಲ ಊಟಕ್ಕೆ ಕರೆದರು. ತಲೆ ಕೆಟ್ಟು, ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿಬಿಡ್ತೀನಿ ಎಂದೆ. ನಮ್ಮ ವೃತ್ತಿಯಲ್ಲಿ ಇದು ಸೋಲೊಪ್ಪುವ ಮರ್ಯಾದಸ್ಥ ದಾರಿ.

ಅಪ್ಪ ಅನ್ನ ಕಲಸುತ್ತಾ ಕೇಳಿದರು, "ಅದು ಎಲ್ಲೆಲ್ಲಿ ನಿಂತಿದೆ ಅಂತ ಬರೆದುಕೊಂಡಿದ್ದೀಯಾ?"

"ಇಲ್ಲ. ಎಲ್ಲೆಲ್ಲೋ ನಿಲ್ಲುತ್ತಲ್ಲ."

"ಅದೇ ಮತ್ತೆ. ದಿನಾ ಒಂದೇ ಗುಂಡಿಗೆ ಬಿದ್ದರೆ ರಸ್ತೆ ತಪ್ಪು. ಎಲ್ಲೆಲ್ಲೋ ನಿಂತರೆ ಗಾಡಿ ತಪ್ಪು. ನೀನು ಬೆಳಗ್ಗೆಯಿಂದ ರಸ್ತೆ ರಿಪೇರಿ ಮಾಡ್ತಾ ಇದ್ದೀಯ."

ಕೈಯಲ್ಲಿನ ತುತ್ತು ಹಾಗೇ ನಿಂತಿತು. ಈ ಮಾತನ್ನು ನಾನೇ ಆಫೀಸಿನಲ್ಲಿ ಹೊಸ ಹುಡುಗರಿಗೆ ಬೇರೆ ಮಾತುಗಳಲ್ಲಿ ಹೇಳುತ್ತೇನೆ. ಪ್ರೋಗ್ರಾಮಿನಲ್ಲಿ ದೋಷ ಇದ್ದರೆ ಸಾಮಾನ್ಯವಾಗಿ ಅದೇ ಜಾಗ, ಅದೇ ಕೆಲಸ, ಅದೇ ತಪ್ಪು. ತಪ್ಪು ಊರೂರು ಅಲೆಯುತ್ತಿದ್ದರೆ ಕೆಳಗಿನ ಯಂತ್ರವನ್ನು ನೋಡು. ಮನೆಯ ಪಿಸಿ ಮುಂದೆ ಕೂತಾಗ ಆ ಬುದ್ಧಿ ಎಲ್ಲಿ ಹೋಗುತ್ತದೋ!

ಕೈ ತೊಳೆದು ಬಂದು ಈವೆಂಟ್ ವ್ಯೂವರ್ ತೆರೆದೆ. ಮೊದಲು ನೋಡಬೇಕಾಗಿದ್ದನ್ನು ಕೊನೆಗೆ ನೋಡಿದ್ದು. ಯಾವ ಪ್ರೋಗ್ರಾಂ ಯಾವಾಗ ಸತ್ತಿತು, ಸಾಯುವಾಗ ಯಾವ ಫೈಲಿನೊಳಗಿತ್ತು ಎಂದು ವಿಂಡೋಸ್ ಅಲ್ಲಿ ಬರೆದಿಡುತ್ತದೆ, ಪೊಲೀಸರ ಪಂಚನಾಮೆಯ ಹಾಗೆ. ಎಲ್ಲ ಸಾವಿಗೂ ಒಂದೇ ಸಂಖ್ಯೆ ಇತ್ತು. ಸೊನ್ನೆ ಎಕ್ಸ್, ಸಿ, ಆಮೇಲೆ ಆರು ಸೊನ್ನೆ, ಕೊನೆಗೆ ಐದು. ಆಕ್ಸೆಸ್ ವಯಲೇಶನ್. ತನ್ನದಲ್ಲದ ಮೆಮೊರಿಗೆ ಪ್ರೋಗ್ರಾಂ ಕೈ ಹಾಕಿದೆ ಎಂದರ್ಥ. ಆದರೆ ಸತ್ತ ಜಾಗ ಪ್ರತಿ ಸಲ ಬೇರೆ. ಒಮ್ಮೆ ಆಟದೊಳಗೇ. ಒಮ್ಮೆ ವಿಂಡೋಸಿನದೇ ಫೈಲಿನಲ್ಲಿ. ಒಮ್ಮೆ ಗ್ರಾಫಿಕ್ಸ್ ಡ್ರೈವರಿನಲ್ಲಿ. ಈ ಮೂರೂ ಒಟ್ಟಿಗೆ ಕೆಡುವುದು ಕಷ್ಟ. ಮೂವರೂ ನಿಂತಿರುವ ನೆಲ ಕುಸಿಯುತ್ತಿದೆ ಅನ್ನುವುದು ಸುಲಭ.

"ಶುರುವಾಗಿದ್ದು ಯಾವತ್ತು?" ಅಪ್ಪ ಬಿಡಲಿಲ್ಲ. "ಅದರ ಹಿಂದಿನ ದಿನ ಏನು ಬಿಚ್ಚಿದ್ದೆ?"

"ಏನೂ ಇಲ್ಲ. ಯುಗಾದಿಗೆ ಬಂದಾಗ ಹೊಸ ರ್ಯಾಮ್ ಹಾಕಿದೆ, ಮೆಮೊರಿ ಕಡ್ಡಿ. ಎರಡು ತಿಂಗಳು ಚೆನ್ನಾಗೇ ಓಡಿತಲ್ಲ."

ವಿಂಡೋಸಿನಲ್ಲಿ ರಿಲಯಬಿಲಿಟಿ ಮಾನಿಟರ್ ಅಂತ ಒಂದಿದೆ. ಪಾಪ, ಅದನ್ನು ಯಾರೂ ತೆರೆಯುವುದಿಲ್ಲ. ದಿನಕ್ಕೊಂದು ಕಂಬ, ಏನಾದರೂ ಕುಸಿದ ದಿನ ಕೆಂಪು ಗುರುತು. ನಮ್ಮದರಲ್ಲಿ ಜೂನ್ 10ರಿಂದ ಸಾಲಾಗಿ ಕೆಂಪು. ಅದಕ್ಕೂ ಹಿಂದೆ ಒಂದೂ ಇಲ್ಲ. ಅಪ್ಪ ಎದ್ದುಹೋಗಿ ಗೋಡೆಯ ಕ್ಯಾಲೆಂಡರ್ ತಂದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಅದು. ಜೂನ್ 8 ಮತ್ತು 9ರ ಚೌಕದಲ್ಲಿ ಅಮ್ಮನ ಅಕ್ಷರ: ಅರ್ಧ ಲೀಟರ್ ಜಾಸ್ತಿ.

ಅರ್ಧ ಲೀಟರ್ ಜಾಸ್ತಿ ಅಂದರೆ ನಾನು ಬಂದಿದ್ದೆ.

ನೆನಪಾಯಿತು. ಆ ಭಾನುವಾರ ಅಪ್ಪ ಮಲಗಿದ್ದಾಗ ಸುಮ್ನೆ ಕೂತಿದ್ದೆ. ರ್ಯಾಮ್ 2400ರ ವೇಗದಲ್ಲಿ ಓಡುತ್ತಿದೆ ಅಂತ ಕಣ್ಣಿಗೆ ಬಿತ್ತು. ಯುಗಾದಿಗೆ ತಂದ ಹೊಸ ಕಡ್ಡಿಯ ಮೇಲೆ 3200 ಅಂತ ಬರೆದಿತ್ತು. ದುಡ್ಡು ಕೊಟ್ಟು ತಂದಿದ್ದು ಯಾಕೆ ನಿಧಾನ ಓಡಬೇಕು ಎಂದು, ವಿಂಡೋಸಿಗೂ ಮೊದಲೇ ಪಿಸಿಯನ್ನು ಎಬ್ಬಿಸುವ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದ್ದೆ. ಒಂದು ಗುಂಡಿ, ಒಂದು ನಿಮಿಷ. ಯಾರಿಗೂ ಹೇಳಿರಲಿಲ್ಲ, ನನಗೂ ಮರೆತೇಹೋಗಿತ್ತು.

ಎಕ್ಸ್‌ಎಂಪಿ ಅಂದರೆ ಇಷ್ಟೇ. ನಮ್ಮ ಪಿಸಿಯಲ್ಲಿರುವ ಡಿಡಿಆರ್4 ಬಗೆಯ ರ್ಯಾಮ್ ಕಡ್ಡಿಗಳು ಸಾಮಾನ್ಯವಾಗಿ 1.2 ವೋಲ್ಟಿನಲ್ಲಿ, ಎಲ್ಲರೂ ಒಪ್ಪಿದ ವೇಗದಲ್ಲಿ ಓಡುತ್ತವೆ. ಕೆಲವು ಕಡ್ಡಿಗಳ ಹೊಟ್ಟೆಯೊಳಗೆ ಇನ್ನೊಂದು ಚೀಟಿ ಇರುತ್ತದೆ: ನನಗೆ 1.35 ವೋಲ್ಟ್ ಕೊಡಿ, 3200ರಲ್ಲಿ ಓಡುತ್ತೇನೆ ಅಂತ. ಆನ್ ಮಾಡಿದರೆ ಕಡ್ಡಿಗಳನ್ನು ಸಿಕ್ಕಿಸಿರುವ ಬೋರ್ಡು ಆ ಚೀಟಿಯ ಪ್ರಕಾರ ನಡೆಯುತ್ತದೆ. ನಮ್ಮ ಬೋರ್ಡು ಹೊಸ ಕಡ್ಡಿಯ ಚೀಟಿ ಓದಿ ಎರಡೂ ಕಡ್ಡಿಗೆ ಅದನ್ನೇ ಹೇರಿತ್ತು. ಹಳೆಯ ಕಡ್ಡಿಯ ಮೇಲೆ ಬರೆದಿದ್ದುದು 2666.

ಇದನ್ನು ಅಪ್ಪನಿಗೆ ಹೇಗೆ ವಿವರಿಸಲಿ ಎಂದು ಯೋಚಿಸುತ್ತಿದ್ದೆ. ಕ್ಯಾಬಿನೆಟ್ಟಿನಲ್ಲಿ ಅಕ್ಕಪಕ್ಕ ನಿಂತ ಎರಡು ಕಡ್ಡಿಗಳನ್ನು ತೋರಿಸಿದೆ. ಇದು ಹೊಸದು, ಅದು ಹಳೆಯದು ಎಂದೆ. ಅವರು ನನ್ನನ್ನೇ ನೋಡಿದರು. "ಹಿಂದಿನ ಜೋಡಿ ಟೈರಿನಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕ್ತಾರೇನೋ?" ಜೋಡಿ ಟೈರಿನಲ್ಲಿ ಎರಡರ ಎತ್ತರ ಬೇರೆಯಾದರೆ ಭಾರವೆಲ್ಲಾ ದೊಡ್ಡದರ ಮೇಲೆ ಬೀಳುತ್ತದೆ, ಇನ್ನೊಂದು ರಸ್ತೆಗೆ ಉಜ್ಜಿಕೊಂಡು ಹಾಳಾಗುತ್ತದೆ. ಖಾಲಿ ಗಾಡಿಯಲ್ಲಿ ಗೊತ್ತಾಗಲ್ಲ. ಲೋಡ್ ಹಾಕಿದಾಗ ಗೊತ್ತಾಗುತ್ತದೆ. ಇದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ. ಅಮ್ಮ ಭಜನೆ ಕೇಳುವಾಗ, ಅಪ್ಪ ಸುದ್ದಿ ನೋಡುವಾಗ ಪಿಸಿ ಒಂದು ದಿನವೂ ತಕರಾರು ಮಾಡಿರಲಿಲ್ಲವಲ್ಲ. ಅದು ಖಾಲಿ ಗಾಡಿ.

ಆದರೂ ಸಾಕ್ಷಿ ಬೇಕಿತ್ತು. ಬೆಳಗ್ಗೆಯಿಂದ ನಾಲ್ಕು ಸಲ "ಸಿಕ್ಕಿತು" ಎಂದಿದ್ದೆ. ಪೆನ್ ಡ್ರೈವಿಗೆ ಮೆಮ್‌ಟೆಸ್ಟ್86 ಹಾಕಿ ಅದರಿಂದಲೇ ಪಿಸಿ ಶುರು ಮಾಡಿದೆ. ಇದು ವಿಂಡೋಸಿನ ಹಂಗಿಲ್ಲದೆ ಓಡುತ್ತದೆ. ಮೆಮೊರಿಯ ಕೋಣೆ ಕೋಣೆಗೂ ಹೋಗಿ ಏನೋ ಬರೆಯುತ್ತದೆ, ವಾಪಸ್ ಬಂದು ಬರೆದದ್ದೇ ಇದೆಯಾ ಎಂದು ಓದುತ್ತದೆ. 8 ಜಿಬಿಯ ಒಂದು ಕಡ್ಡಿಯಲ್ಲಿ ಸುಮಾರು 6,870 ಕೋಟಿ ಬಿಟ್‌ಗಳಿರುತ್ತವೆ. ಒಂದೊಂದೂ ಸೊನ್ನೆ, ಇಲ್ಲವೇ ಒಂದು. ಅಷ್ಟರಲ್ಲಿ ಒಂದೇ ಒಂದು ಬಿಟ್ ಮಗುಚಿಕೊಂಡರೂ ಸಾಕು. ಅದು ಚಿತ್ರದ ಭಾಗವಾಗಿದ್ದರೆ ಲಂಡನ್ನಿನ ಯಾವುದೋ ಗೋಡೆಯ ಬಣ್ಣ ಚೂರು ಬದಲಾಗುತ್ತದೆ, ಯಾರ ಕಣ್ಣಿಗೂ ಬೀಳದು. ವಿಳಾಸದ ಭಾಗವಾಗಿದ್ದರೆ ಪ್ರೋಗ್ರಾಂ ಪಕ್ಕದ ಮನೆಯ ಬಾಗಿಲು ತಟ್ಟುತ್ತದೆ, ವಿಂಡೋಸ್ ಕತ್ತು ಹಿಡಿದು ಆಚೆ ದಬ್ಬುತ್ತದೆ.

ಹನ್ನೊಂದನೇ ನಿಮಿಷಕ್ಕೆ ಮೊದಲ ಕೆಂಪು ಸಾಲು. ಆಮೇಲೆ ಸಾಲು ಸಾಲು. ಅಷ್ಟೊಂದು ತಪ್ಪು ನೋಡಿ ಅಷ್ಟೊಂದು ಖುಷಿಯಾಗಿದ್ದು ಜೀವನದಲ್ಲಿ ಅದೇ ಮೊದಲು.

ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಟೆಸ್ಟ್ ಹಚ್ಚಿದೆ. ಪುಕ್ಕಟೆ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ, ಅದಕ್ಕೆ ಗಂಟೆಗಟ್ಟಲೆ ಬೇಕು. ಇಬ್ಬರೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ನೋಡಲು ಏನೂ ಇರಲಿಲ್ಲ. ಶೇಕಡಾ ಲೆಕ್ಕ ಏರುತ್ತಿತ್ತು, ಅಷ್ಟೇ. ಹೊರಗೆ ಜಿಟಿಜಿಟಿ ಮಳೆ.

ಅಪ್ಪ ಖಂಬಾಟ್ಕಿ ಘಾಟಿನ ಕತೆ ಹೇಳಿದರು. ಸಾತಾರ ದಾಟಿ ಪುಣೆ ಕಡೆ ಹೋಗುವಾಗ ಸಿಗುವ ಘಾಟು. ಒಂದು ಮಳೆಗಾಲ, ರಾತ್ರಿ, ಏರಿನಲ್ಲಿ ಗಾಡಿ ನಿಂತಿತಂತೆ. ಕ್ಲೀನರ್ ಹುಡುಗ ಡೀಸೆಲ್ ಫಿಲ್ಟರ್ ಬಿಚ್ಚಿದ, ಪೈಪ್ ಬಿಚ್ಚಿದ, ಪಂಪ್ ಬಿಚ್ಚಲು ಹೊರಟ. ಅಪ್ಪ ಅವನ ಕೈ ಹಿಡಿದು ಕೂರಿಸಿ, ಕರಾಡದಲ್ಲಿ ಚಹಾಕ್ಕೆ ನಿಂತಾಗ ಏನು ಮಾಡಿದೆ ಎಂದು ಕೇಳಿದರಂತೆ. ಅವನು ಅಳುವುದೊಂದು ಬಾಕಿ. ಡೀಸೆಲ್ ಟ್ಯಾಂಕಿನ ಮುಚ್ಚಳ ಕಳೆದುಹೋಗಿತ್ತು, ಬೈಗುಳಕ್ಕೆ ಹೆದರಿ ಬಟ್ಟೆ ತುರುಕಿದ್ದ. ಆ ಬಟ್ಟೆಯಿಂದಲೇ ನೀರು ಇಳಿದಿತ್ತು.

"ಏನು ಮಾಡಿದಿರಿ ಅವನಿಗೆ?"

"ಏನ್ ಮಾಡೋದು. ಬೆಳಗಾಗೋ ತನಕ ಟ್ಯಾಂಕ್ ಖಾಲಿ ಮಾಡಿದೆವು. ಹುಡುಗ ಕೆಟ್ಟವನಲ್ಲ. ಹೇಳಲಿಲ್ಲ, ಅಷ್ಟೇ."

ನಾನು ಶೇಕಡಾ ಲೆಕ್ಕ ನೋಡುತ್ತಾ ಕೂತೆ.

ಹತ್ತು ಗಂಟೆಗೆ ಅಪ್ಪ ಮಲಗಿದರು. ಬೆಳಗ್ಗೆ ಎದ್ದಾಗ ನಾಲ್ಕು ಸುತ್ತು ಮುಗಿದು ತಪ್ಪು ಸೊನ್ನೆ ಎಂದು ಬಂದಿತ್ತು. ಒಂದು ಕೆಲಸ ಉಳಿದಿತ್ತು. ಕೆಟ್ಟ ಮೆಮೊರಿಯ ಮೂಲಕ ಹಾದುಹೋದ ಫೈಲು ಡಿಸ್ಕಿಗೆ ಕೆಟ್ಟೇ ಬರೆದುಕೊಂಡಿರಬಹುದು. ಹಿಂದಿನ ದಿನ ಸ್ಟೀಮ್ ಹಿಡಿದ ಆ ಒಂದು ಫೈಲು ಹಾಗೇ ಕೆಟ್ಟಿರಬೇಕು. ವಿಂಡೋಸಿನ ಫೈಲುಗಳನ್ನು ಪರೀಕ್ಷಿಸಿ ಸರಿ ಮಾಡುವ ಆಜ್ಞೆ ಕೊಟ್ಟೆ. ಅದೂ ಎರಡು ಮೂರು ಕಡೆ ತೇಪೆ ಹಾಕಿತು. ಪುಣ್ಯಕ್ಕೆ ಅಪ್ಪ ಆಟದಲ್ಲಿ ಅಲ್ಲಿಯ ತನಕ ಮಾಡಿದ್ದೆಲ್ಲ ಉಳಿದಿರುವ ಸೇವ್ ಫೈಲಿಗೆ ಏನೂ ಆಗಿರಲಿಲ್ಲ. ಆಗಿದ್ದರೆ ಈ ಬರಹದ ಧಾಟಿ ಬೇರೆ ಇರುತ್ತಿತ್ತು.

ಭಾನುವಾರ ತಿಂಡಿ ಮುಗಿಸಿ ಅಪ್ಪ ಡೋವರ್‌ನಿಂದ ಹೊರಟರು. ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್. ಕಾರ್ಲೈಲ್ ದಾಟುವಾಗ ಆಟದಲ್ಲೂ ಮಳೆ ಬಂತು. ಗ್ಲಾಸ್ಗೋದಲ್ಲಿ ಲೋಡ್ ಇಳಿಸಿದರು. ಅಲ್ಲಿಂದ ಇನ್ನೊಂದು ಹಿಡಿದು ಅಬರ್ಡೀನ್‌ಗೆ ಹೊರಟರು. ನಾನು ಊಟ ಮಾಡಿದೆ, ಮಲಗಿದೆ, ಎದ್ದೆ. ಲಾರಿ ಓಡುತ್ತಲೇ ಇತ್ತು. 3200 ಇಲ್ಲದೆ ಏನಾದರೂ ನಿಧಾನವಾಗಿದೆಯಾ ಎಂದು ಕೇಳಿದೆ. ಏನು 3200 ಎಂದರು.

ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಪಿಸಿ ಮೇಲೊಂದು ಚೀಟಿ ಅಂಟಿತ್ತು. ಅಪ್ಪನ ದಪ್ಪ ಅಕ್ಷರ. ತಾರೀಕು, ಬಿಚ್ಚಿದ್ದು, ಹಾಕಿದ್ದು ಅಂತ ಮೂರು ಗೆರೆ ಎಳೆದಿದ್ದರು. ಮೊದಲ ಸಾಲನ್ನು ನನ್ನಿಂದಲೇ ಬರೆಸಿದರು. ಬರೆದು, ಹೋಗಿ ಬರ್ತೀನಿ ಎಂದೆ.

"ನಿಲ್ಲು. ಹಾರ್ನ್?"

ಬಸ್ಸಿಗೆ ಹೊತ್ತಾಗುತ್ತಿತ್ತು. ಚಪ್ಪಲಿ ಹಾಕಿಕೊಂಡೇ ಕೂತು ಆ ಮಾಡನ್ನು ಮತ್ತೆ ಹಾಕಿದೆ. ಚೀಟಿಯ ಎರಡನೇ ಸಾಲಿನಲ್ಲಿ ಅದನ್ನೂ ಬರೆದೆ. ಓಣಿಯ ತಿರುವಿನಲ್ಲಿ ಆಟೋ ಹತ್ತುವಾಗ ನಮ್ಮ ಮನೆಯ ಕಿಟಕಿಯಿಂದ ಪೂರಾ ರಾಗ ಕೇಳಿಸಿತು. ಆಟೋದವನು ಕನ್ನಡಿಯಲ್ಲಿ ಹಿಂದೆ ನೋಡಿ, ಗಾಡಿಯನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡ.